ಪಹಣಿಯಲ್ಲಿ ಆಳಕ್ಕೆ ಕಾಲಂ ಇಲ್ಲ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯಲ್ಲಿ ಸಂಸಾರ ಹೂಡಿ, ಊರಿನಲ್ಲಿ ಇನ್ನೂ ಪಾಲು ಇರುವ ನನ್ನ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ,



ಕಳೆದ ಎರಡು ತಿಂಗಳಲ್ಲಿ ನಿಮ್ಮಲ್ಲಿ ನಾಲ್ಕು ಮಂದಿ ನನ್ನ ಹತ್ತಿರ ಒಂದೇ ಮಾತು ಕೇಳಿದಿರಿ. ಒಬ್ಬರು ಠಾಕುರ್ಲಿ ಸ್ಟೇಷನ್ನಿನ ಬ್ರಿಜ್ಜಿನ ಮೇಲೆ ಗಾಡಿ ತಪ್ಪಿಸಿಕೊಂಡು ನಿಂತು ಕೇಳಿದಿರಿ, ಇಬ್ಬರು ಶನಿಪೂಜೆಯ ಊಟದ ಹೊತ್ತಿಗೆ, ಇನ್ನೊಬ್ಬರು ನೆರೂಲಿನಿಂದ ರಾತ್ರಿ ಹತ್ತೂವರೆಗೆ ಫೋನು ಮಾಡಿ. "ಅಕ್ಕಾ, ಊರಿನ ಗುಡ್ಡೆಗೆ ಪಾರ್ಟಿ ಬಂದಿದೆ. ಕಲ್ಲಿನವರಂತೆ. ಇಲ್ಲಿಂದಲೇ ಸೈನ್ ಹಾಕಿ ಕಳಿಸಿದರೆ ಸಾಕಂತೆ, ಹೋಗುವುದೇ ಬೇಡವಂತೆ. ಏನು ಮಾಡಲಿ?" ನಾಲ್ವರಿಗೂ ಅವಸರದಲ್ಲಿ ಅರ್ಧಂಬರ್ಧ ಉತ್ತರ ಕೊಟ್ಟೆ. ಪೂರ್ತಿ ಉತ್ತರ ಕೊಡಬೇಕಾದರೆ ನಮ್ಮ ಮನೆಯ ಕಥೆ ಹೇಳಬೇಕು. ಅದನ್ನು ಈ ಪತ್ರದಲ್ಲಿ ಹೇಳುತ್ತೇನೆ.

ನಮ್ಮದು ಬಂಟ್ವಾಳ ತಾಲೂಕಿನ ಒಂದು ಗುಡ್ಡೆ ಊರು. ಅಳಿಯಸಂತಾನದ, ಎಂದರೆ ತಾಯಿಯ ಕಡೆಯಿಂದ ಪಾಲು ಇಳಿಯುವ ಕುಟುಂಬ. ಗದ್ದೆ ಎಲ್ಲ 1974ರ ಭೂಸುಧಾರಣೆಯ ಹೊತ್ತಿಗೆ ಡಿಕ್ಲರೇಷನ್ ಆಗಿ ಒಕ್ಕಲಿನವರಿಗೆ ಹೋಯಿತು. ಉತ್ತವರಿಗೆ ಹೋದದ್ದು ನ್ಯಾಯವೇ, ಆ ಬಗ್ಗೆ ನನಗೆ ಬೇಸರವಿಲ್ಲ. ನಮಗೆ ಉಳಿದದ್ದು ಮನೆ ಅಡಿಸ್ಥಳ, ನಾಗಬನ ಮತ್ತು ಅದರ ಸುತ್ತಲಿನ ಮುಳಿಹುಲ್ಲಿನ ಗುಡ್ಡೆ. ಅಮ್ಮ ಅದನ್ನು "ಏನೂ ಬೆಳೆಯದ ಜಾಗ" ಎನ್ನುತ್ತಿದ್ದರು. 2006ರ ಚಳಿಗಾಲದಲ್ಲಿ ದಾಯಾದಿ ಸಂಬಂಧದ ಒಬ್ಬ ಅಣ್ಣ ಡೊಂಬಿವಲಿಯ ನಮ್ಮ ಮನೆಗೆ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಕವರಿನೊಳಗೆ ಛಾಪಾ ಕಾಗದದ ಕರಾರು. ಗುಡ್ಡೆಯ ಒಂದು ಎಕ್ರೆಯನ್ನು ಕಲ್ಲಿನವರು "ಸಮತಟ್ಟು ಮಾಡಿ" ಕೊಡುತ್ತಾರೆ, ಅದರಲ್ಲಿ ಸಿಕ್ಕಿದ ಕಲ್ಲು ಅವರಿಗೆ, ಕುಟುಂಬಕ್ಕೆ ಒಟ್ಟು ಎರಡು ಲಕ್ಷ ರೂಪಾಯಿ. ಆಮೇಲೆ ಸಮತಟ್ಟಾದ ಜಾಗದಲ್ಲಿ ಅಡಿಕೆ ಹಾಕಬಹುದು, ಸೈಟು ಮಾಡಬಹುದು. ಹನ್ನೊಂದು ಪಾಲು. ಅಮ್ಮನ ಪಾಲಿಗೆ ಹದಿನೆಂಟು ಸಾವಿರದ ಚಿಲ್ಲರೆ. ಚಹಾ ಆರುವುದರೊಳಗೆ ಅಮ್ಮ ಸಹಿ ಹಾಕಿದರು, ಸಾಕ್ಷಿಗೆ ನಾನು ಹಾಕಿದೆ. ಆ ದುಡ್ಡಿನಲ್ಲಿ ಫ್ರಿಜ್ ತಂದೆವು.

ಆ ಕರಾರಿನ ಜೆರಾಕ್ಸ್ ಈಗಲೂ ನನ್ನ ಹತ್ತಿರ ಇದೆ. ಸರ್ವೆ ನಂಬರ್ ಇದೆ, ಎಕ್ರೆ ಇದೆ, ಚೆಕ್ಕುಬಂದಿ ಇದೆ, ಪೂರ್ವಕ್ಕೆ ತೋಡು, ಪಶ್ಚಿಮಕ್ಕೆ ಕುಮ್ಕಿ ಎಂದು ನಾಲ್ಕೂ ದಿಕ್ಕು ಸರಿಯಾಗಿ ಬರೆದಿದೆ. ಎಷ್ಟು ಅಡಿ ಕಡಿಯಬೇಕು ಎಂಬುದು ಮಾತ್ರ ಎಲ್ಲೂ ಇಲ್ಲ.

ನಾನು ಆಮೇಲೆ ಪಹಣಿ ತೆಗೆಸಿ ನೋಡಿದೆ. ವಿಸ್ತೀರ್ಣಕ್ಕೆ ಕಾಲಂ ಇದೆ, ಬೆಳೆಗೆ ಇದೆ, ಮರಕ್ಕೆ, ನೀರಾವರಿಗೆ, ಸಾಲಕ್ಕೆ ಇದೆ. ಆಳಕ್ಕೆ ಕಾಲಂ ಇಲ್ಲ. ಜಾಗ ಎಂದರೆ ಚಾಪೆಯ ಹಾಗೆ ಉದ್ದಗಲ ಇರುವ ವಸ್ತು ಎಂದು ತಿಳಿದುಕೊಂಡೇ ನಾವೆಲ್ಲ ಬೆಳೆದವರು. ಕೊಳ್ಳಲು ಬಂದವನು ಅಳೆದದ್ದು ಆಳವನ್ನು.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ, ಪೆನ್ನು ಹಿಡಿದುಕೊಳ್ಳಿ. ಒಂದು ಎಕ್ರೆ ಎಂದರೆ 43,560 ಚದರ ಅಡಿ. ಅದನ್ನು 20 ಅಡಿ ಕಡಿದರೆ 8,71,200 ಘನ ಅಡಿ. ಇದರಲ್ಲಿ ಮುಕ್ಕಾಲು ಪಾಲು ಮಣ್ಣು, ಪುಡಿ, ಒಡಕು ಎಂದು ಬಿಟ್ಟುಬಿಡಿ. ಉಳಿದ ಕಾಲು ಪಾಲೇ 2,17,800 ಘನ ಅಡಿ. ಗೋಡೆ ಕಟ್ಟುವ ಒಂದು ಕೆಂಪು ಕಲ್ಲನ್ನು ಅರ್ಧ ಘನ ಅಡಿ ಎಂದು ಹಿಡಿದರೆ ನಾಲ್ಕು ಲಕ್ಷಕ್ಕೂ ಮೇಲೆ ಕಲ್ಲು. ಎರಡು ಲಕ್ಷ ರೂಪಾಯಿಯನ್ನು ಅದರಿಂದ ಭಾಗಿಸಿ. ಕಲ್ಲೊಂದಕ್ಕೆ ಐವತ್ತು ಪೈಸೆಯೂ ಬೀಳಲಿಲ್ಲ ನಮಗೆ. ಈ ಲೆಕ್ಕಕ್ಕೆ ಐದನೇ ಕ್ಲಾಸಿನ ಗಣಿತ ಸಾಕು. ಆದರೂ ಹನ್ನೊಂದು ಪಾಲುದಾರರಲ್ಲಿ ಒಬ್ಬರೂ ಮಾಡಲಿಲ್ಲ, ನಾನೂ ಮಾಡಲಿಲ್ಲ.

2009ರ ನಾಗರಪಂಚಮಿಗೆ ಊರಿಗೆ ಹೋದಾಗ ಕಂಡದ್ದನ್ನು ಮರೆಯಲಾರೆ. ಠಾಣೆಯಲ್ಲಿ ಮತ್ಸ್ಯಗಂಧ ರೈಲು ಹತ್ತಿ, ಮಂಗಳೂರಲ್ಲಿ ಇಳಿದು, ಎರಡು ಬಸ್ಸು ಬದಲಿಸಿ ಗುಡ್ಡೆಗೆ ಬಂದರೆ ಗುಡ್ಡೆಯೇ ಇಲ್ಲ. ಅದರ ಜಾಗದಲ್ಲಿ ನೆಟ್ಟಗೆ ಕೊರೆದ ಕೆಂಪು ಗೋಡೆಗಳ ಹೊಂಡ, ಗೋಡೆಯ ತುಂಬ ಮೆಷಿನ್ನಿನ ಗೆರೆಗಳು, ತಳದಲ್ಲಿ ಹಸಿರು ನೀರು. ನಾಗನ ಕಲ್ಲನ್ನು ಕಡಿಯುವ ಧೈರ್ಯ ಅವರಿಗೂ ಬಂದಿರಲಿಲ್ಲ. ಬನವನ್ನು ಬಿಟ್ಟು ಸುತ್ತ ಕಡಿದಿದ್ದರು. ಹೊಂಡದ ನಡುವೆ ಇಪ್ಪತ್ತು ಅಡಿ ಎತ್ತರದ ಒಂಟಿ ಕಂಬ, ಅದರ ತಲೆಯ ಮೇಲೆ ಬನ. ಹಿಂದೆ ನಮ್ಮ ಕಾಲಿನ ಮಟ್ಟದಲ್ಲಿದ್ದ ಬೇರುಗಳು ಗಾಳಿಯಲ್ಲಿ ನೇತಾಡುತ್ತಿದ್ದವು. ಒಂದು ಬದಿಗೆ ಎರಡು ಅಡಿ ಅಗಲದ ಏಣು ಉಳಿಸಿದ್ದರು. ತನು ಹಾಕಲು ಅದರ ಮೇಲೆ ಹಾಲಿನ ಚೊಂಬು ಹಿಡಿದು ನಡೆಯುವಾಗ ನನ್ನ ಎಪ್ಪತ್ತರ ದೊಡ್ಡಮ್ಮ ಕೂತುಬಿಟ್ಟರು. ಕೂತೇ ತೆವಳಿಕೊಂಡು ಹೋಗಿ ಹಾಲೆರೆದರು.

ದೊಡ್ಡಮ್ಮನ ಬಾವಿ ಹಿಂದೆಲ್ಲ ಮೇ ತಿಂಗಳವರೆಗೆ ನೀರು ಕೊಡುತ್ತಿತ್ತು. ಕೋರೆಯಾದ ಮೇಲಿನ ಬೇಸಗೆಗಳಲ್ಲಿ ಏಪ್ರಿಲಿಗೇ ಕೊಡಪಾನ ತಳಕ್ಕೆ ತಾಗತೊಡಗಿತು. ಕೆಂಪು ಕಲ್ಲಿನ ಗುಣ ಗೊತ್ತಿರುವವರಿಗೆ ಇದು ಒಗಟಲ್ಲ. ಅದು ತೂತು ತೂತು ಇರುವ ಕಲ್ಲು. ಮಳೆಯನ್ನು ಕುಡಿದು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ನೆಲದೊಳಗೆ ಇರುವಾಗ ಕೊಡಲಿಗೆ ಬಗ್ಗುವಷ್ಟು ಮೆತ್ತಗೆ, ಕಡಿದು ಗಾಳಿಗೆ ಇಟ್ಟರೆ ಗಟ್ಟಿ. 1800ರ ಹೊತ್ತಿಗೆ ಈ ಕರಾವಳಿಯಲ್ಲಿ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಡಿಪುರದಲ್ಲಿ ಇದನ್ನೇ ನೋಡಿ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂಬ ಹೆಸರು ಕೊಟ್ಟ. 1807ರಲ್ಲಿ ಅವನ ಪುಸ್ತಕ ಬಂತು. ನಮ್ಮವರು ಅದಕ್ಕೂ ಎಷ್ಟೋ ಮೊದಲಿನಿಂದ ಮುರಕಲ್ಲು ಎನ್ನುತ್ತಿದ್ದರು. ನಮ್ಮದೇ ತಾಲೂಕಿನ ಅಡ್ಯನಡ್ಕದ ಬಳಿ ಅಮೈ ಮಹಾಲಿಂಗ ನಾಯ್ಕರು ಇಂಥದೇ ಗುಡ್ಡದ ಹೊಟ್ಟೆಗೆ ಒಬ್ಬರೇ ಸುರಂಗ ಕೊರೆದರು. ಒಂದರ ಹಿಂದೊಂದು ಸುರಂಗ ಬರಡಾದರೂ ಬಿಡದೆ ಕೊರೆದು ನೀರು ತಂದರು, ಬೋಳು ಗುಡ್ಡದಲ್ಲಿ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಡೊಂಬಿವಲಿಯಲ್ಲಿ ನಾವು ಚಪ್ಪಾಳೆ ತಟ್ಟಿದೆವು. ಅವರು ನೀರು ಕಂಡದ್ದು ಅಮ್ಮ "ಏನೂ ಬೆಳೆಯದ ಜಾಗ" ಎಂದಂಥ ಗುಡ್ಡೆಯ ಆಳದಲ್ಲೇ.

ಮಾರಲೇಬೇಡಿ ಎಂದು ನಾನು ಹೇಳುವುದಿಲ್ಲ. ಮಗಳ ಮೆಡಿಕಲ್ ಫೀಸು ಕಟ್ಟಲು, ಗಂಡನ ಬೈಪಾಸಿಗೆ, ಕಲ್ಯಾಣದ ಚಾಳು ಬಿಟ್ಟು ಒನ್ ಬಿಎಚ್‌ಕೆಗೆ ಹೋಗಲು ಊರಿನ ಪಾಲನ್ನು ಮಾರಿದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಹನ್ನೆರಡು ವರ್ಷಕ್ಕೆ ಹೊಟೇಲಿನಲ್ಲಿ ಗ್ಲಾಸು ತೊಳೆಯಲು ಬಂದು, ರಾತ್ರಿ ಶಾಲೆಯಲ್ಲಿ ಓದಿ, ಊರಿನ ಮನೆಗೆ ಮನಿಯಾರ್ಡರ್ ಕಳಿಸಿದವರ ಮಕ್ಕಳು ನಾವು. ಆ ಜಾಗವನ್ನು ದುಡ್ಡು ಮಾಡಿಕೊಳ್ಳುವ ಹಕ್ಕು ನಮಗಿದೆ. ಕಲ್ಲು ಕಡಿಯುವುದೂ ಪಾಪದ ಕೆಲಸವಲ್ಲ. ನಮ್ಮ ಅಜ್ಜನ ಮನೆ, ಶಾಲೆ, ದೇವಸ್ಥಾನದ ಅಂಗಣ ಎಲ್ಲ ಅದೇ ಕಲ್ಲಿನದು. ಏನನ್ನು ಮಾರುತ್ತಿದ್ದೇವೆಂದು ತಿಳಿಯದೆ ಮಾರುವುದಷ್ಟೇ ನನ್ನನ್ನು ಸುಡುತ್ತದೆ.

ನಮ್ಮಲ್ಲಿ ಅನೇಕರ ಮಕ್ಕಳು ಅಮೆರಿಕದಲ್ಲಿದ್ದಾರೆ, ಅವರನ್ನು ಕೇಳಿ ನೋಡಿ. ಟೆಕ್ಸಾಸ್, ಒಕ್ಲಹೋಮಾ, ನಾರ್ತ್ ಡಕೋಟಾಗಳಲ್ಲಿ ನೆಲದಡಿಯ ಎಣ್ಣೆ, ಗ್ಯಾಸಿನ ಹಕ್ಕು ಖಾಸಗಿಯವರದ್ದಾಗಿರಬಹುದು. ಮೇಲಿನ ಜಮೀನನ್ನು ಒಬ್ಬರಿಗೆ ಮಾರಿ ಅಡಿಯ ಹಕ್ಕನ್ನು ಬೇರೆ ಇಟ್ಟುಕೊಳ್ಳಬಹುದು, ಅದು ಮೊಮ್ಮಕ್ಕಳಿಗೂ ಇಳಿಯುತ್ತದೆ. ಬೇರೆ ರಾಜ್ಯದಲ್ಲಿರುವ ಮೊಮ್ಮಗಳಿಗೆ, ಅಜ್ಜನಿಗೆ ಅಂಥದೊಂದು ಹಕ್ಕಿತ್ತು ಎಂಬುದೇ ಗೊತ್ತಿಲ್ಲದವಳಿಗೆ, ಒಂದು ದಿನ ಎಕರೆಗೆ ಇಷ್ಟು ಕೊಡುತ್ತೇವೆಂದು ಕಾಗದ ಬರುತ್ತದೆ. ಕಾಗದ ಬರೆದವನಿಗೆ ಅಡಿಯಲ್ಲಿ ಏನಿದೆ ಎಂದು ಗೊತ್ತು, ಅವಳಿಗೆ ಗೊತ್ತಿಲ್ಲ. ಠಾಕುರ್ಲಿಯ ಬ್ರಿಜ್ಜಿನ ಮೇಲೆ ಕೇಳಿದ ಪ್ರಶ್ನೆಯೂ ಅದೇ ಅಲ್ಲವೇ?

ನಮ್ಮ ದೇಶದಲ್ಲಿ ಕಾನೂನು ಬೇರೆ. ಎಣ್ಣೆ, ಗ್ಯಾಸು ಜಮೀನಿನವನದ್ದಲ್ಲ, ಅದರ ನಿಯಂತ್ರಣ ಕೇಂದ್ರ ಸರಕಾರದ ಕೈಯಲ್ಲಿ. 1974ರಲ್ಲಿ ಬಾಂಬೆ ಹೈಯಲ್ಲಿ ಸಿಕ್ಕಿದ ಎಣ್ಣೆ ನವಿ ಮುಂಬಯಿಯ ಪಕ್ಕದ ಉರಣದಲ್ಲಿ ದಡಕ್ಕೆ ಬರುತ್ತದೆ. ಅದರಲ್ಲಿ ಉರಣದ ಯಾವ ರೈತನಿಗೂ ಪಾಲಿಲ್ಲ. ಕಲ್ಲಿನ ವಿಷಯ ಇನ್ನೂ ಸೂಕ್ಷ್ಮ. ಕರ್ನಾಟಕ ಭೂಕಂದಾಯ ಕಾಯಿದೆ, 1964ರ ಸೆಕ್ಷನ್ 70 ಗಣಿ, ಖನಿಜಗಳ ಹಕ್ಕನ್ನು ಸರಕಾರಕ್ಕೆ ಸೇರಿಸುತ್ತದೆ. ಮಹಾರಾಷ್ಟ್ರದ ಕಾಯಿದೆಯಲ್ಲೂ ಸೆಕ್ಷನ್ 48 ಇದೇ ಧಾಟಿಯದು. ಪಕ್ಕದ ಮಲಬಾರಿನ ಜನ್ಮಿ ಜಮೀನುಗಳ ವಿಷಯದಲ್ಲಿ ಮಾತ್ರ ಸುಪ್ರೀಂ ಕೋರ್ಟು 2013ರ ಜುಲೈ 8ರಂದು, ಕಾನೂನಿನ ಮೂಲಕ ಕಿತ್ತುಕೊಂಡಿರದಿದ್ದರೆ ನೆಲದಡಿಯ ಖನಿಜ ನೆಲದ ಒಡೆಯನಿಗೇ ಸೇರಿದ್ದು ಎಂದಿತು. ಕಾಸರಗೋಡಿನ ಕಡೆ ಜಾಗ ಇರುವವರು ಆ ತೀರ್ಪನ್ನು ಹಿಡಿದುಕೊಂಡು ಅಲ್ಲಿನ ಒಳ್ಳೆಯ ವಕೀಲರನ್ನು ಕಾಣಿ. ಉಳಿದ ನಮ್ಮ ಮಟ್ಟಿಗೆ ಲೆಕ್ಕ ಇಷ್ಟು. ಕೆಂಪು ಕಲ್ಲು ಉಪಖನಿಜ. ಅದನ್ನು ತೆಗೆದು ಮಾರಬೇಕಾದರೆ 1994ರ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳ ಪ್ರಕಾರ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಬೇಕು, ಸರಕಾರಕ್ಕೆ ರಾಯಲ್ಟಿ ಕಟ್ಟಬೇಕು. ಆದರೆ ಪಟ್ಟಾ ಜಾಗದಲ್ಲಿ ನಿಮ್ಮ ಒಪ್ಪಿಗೆಯಿಲ್ಲದೆ ಅವರು ಹಾರೆ ಹಾಕುವ ಹಾಗಿಲ್ಲ. ನಿಮ್ಮ ಕೈಯಲ್ಲಿರುವ ಸೊತ್ತು ಆ ಒಪ್ಪಿಗೆಯೇ. ಅದಕ್ಕೆ ಬೆಲೆ ಕಟ್ಟಿ.

ಕಲ್ಲಿನವರಿಗೆ ಇಲಾಖೆಯ ಅನುಮತಿ ಇದೆಯೇ ಎಂದು ಆಗ ನಾವು ಕೇಳಲಿಲ್ಲ. 2011ರಲ್ಲಿ ದೊಡ್ಡಮ್ಮನ ಹೆಸರಿಗೆ ಒಂದು ನೋಟೀಸು ಬಂತು, ಅನುಮತಿಗಿಂತ ಹೆಚ್ಚು ಕಲ್ಲು ತೆಗೆದದ್ದಕ್ಕೆ ಉತ್ತರ ಕೊಡಿ ಎಂದು. ಕಲ್ಲಿನವರು ಅಷ್ಟರಲ್ಲಿ ಬೇರೆ ಗುಡ್ಡೆಗೆ ಹೋಗಿ ಆಗಿತ್ತು. ಪಹಣಿಯಲ್ಲಿ ಇದ್ದದ್ದು ದೊಡ್ಡಮ್ಮನ ಹೆಸರು, ನೋಟೀಸು ಅವರ ಬಾಗಿಲಿಗೇ ಬಂತು. ಓದಲು ಬಾರದ ಹೆಂಗಸು ಆ ಕಾಗದವನ್ನು ಅಕ್ಕಿ ಡಬ್ಬದೊಳಗೆ ಇಟ್ಟು ಮೂರು ವಾರ ಯಾರಿಗೂ ಹೇಳಲಿಲ್ಲ. ನಮಗೆ ತಿಳಿದದ್ದು ಅವರ ನಿದ್ದೆ ಕೆಟ್ಟ ಮೇಲೆ.

ಕುಮ್ಕಿಯ ಮಾತು ಬೇರೆಯೇ ಹೇಳಬೇಕು. "ಗುಡ್ಡೆ ಮೂರು ಎಕ್ರೆ ಉಂಟು" ಎಂದು ನಿಮ್ಮಲ್ಲಿ ಒಬ್ಬರು ಹೇಳಿದಿರಿ. ವರ್ಗದ, ಎಂದರೆ ನಿಮ್ಮ ಪಟ್ಟಾ ಜಾಗ ಎಷ್ಟು, ಕುಮ್ಕಿ ಎಷ್ಟು ಎಂದು ನೋಡಿದಿರಾ? ಕುಮ್ಕಿ ಸರಕಾರದ ಜಾಗ. ಸೊಪ್ಪು, ಸೌದೆ, ಹುಲ್ಲು, ದನ ಮೇಯಿಸುವುದು, ಅಷ್ಟೇ ನಮಗೆ ಅಲ್ಲಿರುವ ಸವಲತ್ತು. ಅಲ್ಲಿನ ಕಲ್ಲನ್ನು ಮಾರಿ ಸಹಿ ಹಾಕಿದರೆ ನಿಮ್ಮದಲ್ಲದ್ದನ್ನು ಮಾರಿದ ಹಾಗೆ. ಬ್ರೋಕರ್ ಈ ಭೇದವನ್ನು ಹೇಳುವುದಿಲ್ಲ. ಎರಡಕ್ಕೂ ಒಂದೇ ಬೇಲಿ, ಒಂದೇ ಬಣ್ಣದ ಕಲ್ಲು.

ಗುಡ್ಡೆಯ ಅಡಿಯಲ್ಲಿ ಕಲ್ಲಲ್ಲದೆ ಬೇರೆಯೂ ಇರಬಹುದು. ಕಾಪು ತಾಲೂಕಿನ ಪಾದೂರಿನಲ್ಲಿ ಬಂಡೆಯೊಳಗೆ ಗುಹೆ ಕೊರೆದು ದೇಶದ ತುರ್ತಿಗೆಂದು 25 ಲಕ್ಷ ಟನ್ ಕಚ್ಚಾ ಎಣ್ಣೆ ತುಂಬುವಷ್ಟು ಜಾಗ ಮಾಡಿದ್ದಾರೆ. ಮಂಗಳೂರಿನದ್ದು 15 ಲಕ್ಷ ಟನ್. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಹೋಗುವ ಪೆಟ್ರೋಲಿಯಂ ಕೊಳವೆ ಬೆಳ್ತಂಗಡಿಯ ನೆರಿಯದ ಮೂಲಕ ಹೋಗುತ್ತದೆ. ಕೊಚ್ಚಿಯಿಂದ ಮಂಗಳೂರಿಗೆ ಬರುವ ಸುಮಾರು 450 ಕಿಲೋಮೀಟರ್ ಗ್ಯಾಸ್ ಕೊಳವೆ 2021ರ ಜನವರಿ 5ರಂದು ಶುರುವಾಯಿತು. ಇಂಥ ಕೊಳವೆ ಹೋಗುವ ಜಾಗವನ್ನು 1962ರ ಕಾಯಿದೆಯ ಪ್ರಕಾರ ಪೂರ್ತಿ ಕೊಂಡುಕೊಳ್ಳುವುದಿಲ್ಲ, ಬಳಸುವ ಹಕ್ಕನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಅದಕ್ಕೆ ಮಾರುಕಟ್ಟೆ ಬೆಲೆಯ ಶೇಕಡಾ 10, ಜೊತೆಗೆ ಬೆಳೆ, ಮರಕ್ಕೆ ಆದ ನಷ್ಟಕ್ಕೆ ಪರಿಹಾರ. ಜಾಗ ನಿಮ್ಮ ಹೆಸರಲ್ಲೇ ಇರುತ್ತದೆ, ಆದರೆ ಆ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಅಪ್ಪನ ಕಾಲದಲ್ಲಿ ಪರಿಹಾರ ಯಾರು ತೆಗೆದುಕೊಂಡರು ಎಂಬುದು ವಾಶಿಯ ಮಗನಿಗೆ ಗೊತ್ತಿರುವುದಿಲ್ಲ. ಮಾರಲು ಹೋದಾಗ ಕೊಳವೆಯ ಹಳದಿ ಕಂಬ ಕಂಡು ಕೊಳ್ಳುವವನು ಬೆಲೆ ಅರ್ಧಕ್ಕೆ ಇಳಿಸುತ್ತಾನೆ. ಹೋಗಿ ನೋಡಿದವರಿಗೆ ಆ ಕಂಬ ಮೊದಲೇ ಕಾಣುತ್ತದೆ.

ಪಾಲು ಯಾರಿಗೆಲ್ಲ ಇದೆ ಎಂಬುದನ್ನೂ ಆಳಕ್ಕೆ ಇಳಿದೇ ನೋಡಬೇಕು. ಅಳಿಯಸಂತಾನದಲ್ಲಿ ಗಂಡಸಿನ ಪಾಲು ಕುಟುಂಬದಲ್ಲೇ ನಿಲ್ಲುತ್ತದೆ ಎಂದು ಈಗಲೂ ಹೇಳುವ ಹಿರಿಯರಿದ್ದಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ನಂತರ ಆ ಪಾಲು ಅವನ ಹೆಂಡತಿ, ಮಕ್ಕಳಿಗೂ ಹೋಗುತ್ತದೆ. ಮಕ್ಕಳ ಸಂತಾನದ ಮನೆಗಳಲ್ಲಿ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು, 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನಷ್ಟು ಗಟ್ಟಿ ಮಾಡಿತು. "ತಂಗಿಗೆ ಮದುವೆಗೆ ಬಂಗಾರ ಹಾಕಿದ್ದೇವೆ, ಅವಳ ಸಹಿ ಬೇಡ" ಎನ್ನುವ ಅಣ್ಣಂದಿರೇ, ಬೇಕು. ಅವಳನ್ನು ಬಿಟ್ಟು ಮಾಡಿದ ಕಾಗದ ನಾಳೆ ನಿಮ್ಮ ಮಕ್ಕಳನ್ನು ಕೋರ್ಟಿಗೆ ಹತ್ತಿಸುತ್ತದೆ. ತಂಗಿಯಂದಿರೇ, ಹಕ್ಕು ಬಿಡುಗಡೆ ಪತ್ರ ಮುಂದೆ ಬಂದಾಗ ಅಣ್ಣನ ಮುಖ ನೋಡಿ ಸಹಿ ಹಾಕಬೇಡಿ. ಓದಿ, ಬಿಡುವುದಾದರೆ ತಿಳಿದು ಬಿಡಿ.

ಇನ್ನು ಅಧಿಕಾರ ಪತ್ರ. "ಇಲ್ಲಿಂದಲೇ ಸೈನ್ ಹಾಕಿ" ಎನ್ನುವುದು ಇದಕ್ಕೇ. ನೋಟರಿ ಮಾಡಿಸಿದ ಪವರ್ ಆಫ್ ಅಟಾರ್ನಿ ಕೈಗೆ ಸಿಕ್ಕಿದರೆ ಎಲ್ಲ ಮುಗಿಯಿತು ಎಂದು ಬ್ರೋಕರ್ ಹೇಳುತ್ತಾನೆ. ಪವರ್ ಆಫ್ ಅಟಾರ್ನಿಯಿಂದ ಜಾಗದ ಒಡೆತನ ದಾಟುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರ ಅಕ್ಟೋಬರಿನಲ್ಲೇ ಸ್ಪಷ್ಟ ಮಾಡಿದೆ. ಕ್ರಯಪತ್ರ ನೋಂದಣಿಯಾಗಬೇಕಾದದ್ದು ಜಾಗ ಇರುವ ಜಿಲ್ಲೆಯ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ನಿಜವಾಗಿಯೂ ಹೋಗಲಾರದವರು, ಹಾಸಿಗೆ ಹಿಡಿದವರು, ನೀವು ನಂಬುವ ಒಬ್ಬರಿಗೆ ಒಂದೇ ಕೆಲಸಕ್ಕೆ ಸೀಮಿತವಾದ ಅಧಿಕಾರವನ್ನು ಕಲ್ಯಾಣದ ಅಥವಾ ಠಾಣೆಯ, ನೀವು ವಾಸವಿರುವ ಕಡೆಯ ಸಬ್ ರಿಜಿಸ್ಟ್ರಾರರ ಎದುರು ಬರೆದುಕೊಡಿ. ಕೊಳ್ಳುವವನ ಕಡೆಯವರಿಗೇ ಕೊಡಬೇಡಿ. ಇಷ್ಟು ಹೇಳಿದರೂ "ಅಷ್ಟು ದೂರ ಯಾರು ಹೋಗುತ್ತಾರೆ ಅಕ್ಕಾ" ಎನ್ನುತ್ತೀರಿ. ಕೋಲಕ್ಕೆ ಹೋಗುತ್ತೀರಿ, ಬ್ರಹ್ಮಕಲಶಕ್ಕೆ ಹೋಗುತ್ತೀರಿ. ಆ ರಜೆಗೆ ಒಂದು ದಿನ ಸೇರಿಸಿ ಗುಡ್ಡೆಗೆ ಹೋಗಿ.

ಇಲ್ಲೇ ನಮ್ಮ ಸುತ್ತಲಿನವರನ್ನು ನೋಡಿ. ವಾಶಿ, ನೆರೂಲ್, ಕೋಪರ್‌ಖೈರಣೆಯ ನಮ್ಮ ಫ್ಲಾಟುಗಳು ನಿಂತಿರುವುದು ಆಗ್ರಿ, ಕೋಳಿ ಜನರ ಗದ್ದೆ, ಉಪ್ಪಿನ ಆಗರಗಳ ಮೇಲೆ. ಆ ಜಮೀನಿನ ಮೇಲೆ ನವಿ ಮುಂಬಯಿ ಕಟ್ಟಿದ ಸರಕಾರಿ ಸಂಸ್ಥೆ ಸಿಡ್ಕೋ ಬಂದದ್ದು 1970ರಲ್ಲಿ. ಸಿಕ್ಕಿದ ಬೆಲೆ ನ್ಯಾಯದ್ದಲ್ಲ ಎಂದು ದಿ. ಬಾ. ಪಾಟೀಲರ ಮುಂದಾಳುತನದಲ್ಲಿ ಅವರು ಬೀದಿಗಿಳಿದರು. 1984ರ ಜನವರಿಯಲ್ಲಿ ಜಾಸಯಿಯ ಹತ್ತಿರ ಗೋಲಿಬಾರಿನಲ್ಲಿ ಐವರು ಸತ್ತರು. ಅದರ ನಂತರವೇ ಕೊಟ್ಟ ಜಮೀನಿನ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿ ವಾಪಸು ಕೊಡುವ ಯೋಜನೆ ಬಂತು. ನಮ್ಮ ಬಿಲ್ಡಿಂಗಿನ ಕೆಳಗೆ ಮೀನು ಮಾರುವ ಆಗ್ರಿ ಹೆಂಗಸಿಗೆ ತನ್ನ ಮಾವನ ಜಾಗದ ಗಟ್ ನಂಬರ್ ಬಾಯಿಪಾಠ. ನಮ್ಮಲ್ಲಿ ಎಷ್ಟು ಮಂದಿಗೆ ಊರಿನ ಸರ್ವೆ ನಂಬರ್ ಗೊತ್ತು?

ಕಲ್ಲು ಕೊಡುವುದೇ ಎಂದು ತೀರ್ಮಾನಿಸಿದವರು ಕರಾರಿನಲ್ಲಿ ಆಳವನ್ನು ಅಡಿಯಲ್ಲಿ ಬರೆಸಿ. ಗಡಿಯಿಂದ, ಬಾವಿಯಿಂದ, ಬನದಿಂದ ಎಷ್ಟು ದೂರ ಬಿಡಬೇಕು ಎಂದು ಬರೆಸಿ. ಒಟ್ಟು ದುಡ್ಡಿಗೆ ಒಪ್ಪಬೇಡಿ, ಲೋಡಿನ ಲೆಕ್ಕಕ್ಕೆ ಒಪ್ಪಿ, ಇಲಾಖೆಯ ಪರ್ಮಿಟ್ಟಿನ ಪ್ರತಿ ನಿಮಗೂ ಬರಬೇಕು. ಹೊಂಡಕ್ಕೆ ಬೇಲಿ ಯಾರು ಹಾಕುತ್ತಾರೆ, ಮಣ್ಣು ಯಾರು ತುಂಬುತ್ತಾರೆ, ಯಾವ ತಿಂಗಳೊಳಗೆ ಎಂಬುದನ್ನೂ ಬರೆಸಿ, ಅದಕ್ಕೆಂದು ಹಣದ ಒಂದು ಭಾಗವನ್ನು ತಡೆದಿಡಿ. ಬೇಲಿಯಿಲ್ಲದ ಕೋರೆ ಗುಂಡಿಗಳಲ್ಲಿ ಮಳೆಗಾಲದಲ್ಲಿ ಈಜಲು ಇಳಿದ ಮಕ್ಕಳು ತೀರಿಕೊಂಡ ಸುದ್ದಿಯನ್ನು ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ ನಾವು? ಅವು ನಮ್ಮಂಥವರ ಸಹಿಯಿಂದ ಆದ ಗುಂಡಿಗಳು. ಇದನ್ನು ಬರೆಯುವಾಗ ನನ್ನ ಕೈ ನಡುಗುತ್ತದೆ. ನಮ್ಮ ಹೊಂಡಕ್ಕೆ ನಾವು ಹನ್ನೊಂದು ಮನೆಯವರು ದುಡ್ಡು ಹಾಕಿ ಬೇಲಿ ಕಟ್ಟಿಸಿದ್ದು 2013ರಲ್ಲಿ. ಅದಕ್ಕೆ ಆದ ಖರ್ಚು ಅಮ್ಮನಿಗೆ ಬಂದ ಪಾಲಿಗಿಂತ ಹೆಚ್ಚು.

ಹೊಂಡದ ಆಚೆ ನಮ್ಮ ವರ್ಗದ 70 ಸೆಂಟ್ಸ್ ಇನ್ನೂ ಉಳಿದಿದೆ. ಹೋದ ವಾರ ಅದಕ್ಕೂ ಫೋನು ಬಂತು. ಹೊಸ ಸ್ವರ, ಹಳೇ ಮಾತು, "ಸಮತಟ್ಟು ಮಾಡಿಕೊಡುತ್ತೇವೆ ಅಕ್ಕಾ." ಎಷ್ಟು ಅಡಿ ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ನೋಡುವ" ಎಂದು ಇಟ್ಟುಬಿಟ್ಟ. ಬರುವ ನಾಗರಪಂಚಮಿಗೆ ಹನ್ನೊಂದು ಪಾಲಿನವರಲ್ಲಿ ಒಂಬತ್ತು ಮಂದಿ ಠಾಣೆಯಿಂದ ಒಟ್ಟಿಗೆ ಹೊರಟಿದ್ದೇವೆ. ಸರ್ವೆಯವರಿಗೆ ಅರ್ಜಿ ಹಾಕಿಯಾಗಿದೆ. ನೂರು ಅಡಿಯ ಟೇಪು ಮತ್ತು ತುದಿಗೆ ಕಲ್ಲು ಕಟ್ಟಿ ಇಳಿಬಿಡಲು ಒಂದು ಉದ್ದದ ಹಗ್ಗ ತೆಗೆದುಕೊಂಡಿದ್ದೇನೆ. ನಿಮ್ಮಲ್ಲಿ ಬಂಟ್ವಾಳ, ಬೆಳ್ತಂಗಡಿಯ ಕಡೆಯವರು ಯಾರಾದರೂ ನಮ್ಮ ಜೊತೆ ಬಂದು ನಿಮ್ಮ ಗುಡ್ಡೆಯನ್ನೂ ನೋಡಿಕೊಳ್ಳುವುದಾದರೆ ಟಿಕೆಟ್ ಬುಕ್ ಆಗುವ ಮೊದಲು ಹೇಳಿ. ದೊಡ್ಡಮ್ಮ ಈಗಿಲ್ಲ, ಅವರ ಅಡಿಗೆಮನೆ ಇದೆ. ಊಟದ ವ್ಯವಸ್ಥೆ ನನ್ನದು.

ಇತಿ,
ಡೊಂಬಿವಲಿ ಪೂರ್ವದಿಂದ
ನಿಮ್ಮ ಅಕ್ಕ